ಗುಂಡುಕಲ್ಲಿನಿಂದ ಡಂಬೆಲ್‌ವರೆಗೆ: ಮೊದಲ ಭಾರ ಯಾರ ನಿರ್ಧಾರ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮುಖ್ಯರಸ್ತೆಗಳಲ್ಲಿ ದರ್ಶಿನಿ ಹೋಟೆಲಿನ ಮೇಲೊಂದು, ಬಟ್ಟೆ ಅಂಗಡಿಯ ಮೇಲೊಂದು ಎಂಬಂತೆ ಜಿಮ್‌ಗಳಿವೆ. ಕೆಂಗೇರಿ ಉಪನಗರವೂ ಹಿಂದೆ ಬಿದ್ದಿಲ್ಲ. ಒಳಗೆ ಕನ್ನಡಿಯ ಮುಂದೆ ಎರಡೂವರೆ ಕಿಲೋದಿಂದ ಮೂವತ್ತು ಕಿಲೋವರೆಗಿನ ಡಂಬೆಲ್‌ಗಳು ಸಾಲಾಗಿ ಕೂತಿರುತ್ತವೆ. ಹೊಸಬ ಯಾವುದಕ್ಕೆ ಕೈ ಹಾಕಬೇಕು? ಪಕ್ಕದವನು ಎತ್ತಿದ್ದನ್ನು ನೋಡಿ ತಾನೂ ಅದನ್ನೇ ಎತ್ತಲು ಹೋಗುವವರೇ ಹೆಚ್ಚು. ಎರಡನೆಯ ದಿನಕ್ಕೆ ತಲೆ ಬಾಚಲೂ ಕೈ ಏಳುವುದಿಲ್ಲ.

ಇದು ಕೇವಲ ಮೈಕೈ ನೋವಿನ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ಅನೇಕ ಮನೆಗಳಲ್ಲಿ ಮಕ್ಕಳ ಜಿಮ್ ಚೀಲವನ್ನು ಅನುಮಾನದಿಂದ ನೋಡುವಂತಾಯಿತು. ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. ಪುನೀತ್ ಹೊಸಬರಾಗಿರಲಿಲ್ಲ, ವರ್ಷಗಳಿಂದ ವ್ಯಾಯಾಮ ಮಾಡಿದವರು. ಆ ಸಾವಿಗೆ ಭಾರವನ್ನು ಹೊಣೆ ಮಾಡಲು ಆಧಾರವೂ ಇಲ್ಲ. ಆದರೂ ‘ಎಷ್ಟು ಎತ್ತಬೇಕು, ಅದನ್ನು ಯಾರು ಹೇಳಬೇಕು’ ಎಂಬ ಪ್ರಶ್ನೆ ಮೊದಲ ಬಾರಿಗೆ ಅಡುಗೆಮನೆಯವರೆಗೆ ಬಂದದ್ದು ಆಗಲೇ.

ಗರಡಿಮನೆಯಲ್ಲಿ ಈ ಪ್ರಶ್ನೆಯನ್ನು ಹೊಸಬ ಕೇಳುವಂತೆಯೇ ಇರಲಿಲ್ಲ. ನಿರ್ಧಾರ ವಸ್ತಾದರದು. ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದುದು ಗದೆಯಲ್ಲ, ಗುದ್ದಲಿ. ಅಖಾಡದ ಕೆಂಪು ಮಟ್ಟಿಯನ್ನು ಅಗೆದು ಹದ ಮಾಡುವುದೇ ಅವನ ಮೊದಲ ಸಾಮು. ಆಮೇಲೆ ದಂಡ, ಬಸ್ಕಿ. ಅಂದರೆ ತನ್ನ ಮೈಯನ್ನೇ ತಾನು ಎತ್ತಿ ಇಳಿಸುವುದು. ಭುಜ, ಸೊಂಟ ಗಟ್ಟಿಯಾದವು ಎಂದು ವಸ್ತಾದರ ಕಣ್ಣಿಗೆ ಕಂಡ ಮೇಲಷ್ಟೇ ಗದೆಯೋ ಗುಂಡುಕಲ್ಲೋ ಕೈಗೆ ಬರುತ್ತಿತ್ತು.

ಈ ಕಣ್ಣಳತೆಯ ಹಿಂದೆ ಹಳೆಯ ಲೆಕ್ಕಾಚಾರವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ, 1130ರ ಆಸುಪಾಸಿನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಅದು ಮಲ್ಲರನ್ನು ವಯಸ್ಸು, ಮೈಕಟ್ಟು, ಶಕ್ತಿಗೆ ತಕ್ಕಂತೆ ವಿಂಗಡಿಸುತ್ತದೆ; ಭಾರಶ್ರಮ, ಸ್ತಂಭಶ್ರಮ ಮುಂತಾದ ಅಭ್ಯಾಸಗಳನ್ನು ಹೆಸರಿಸುತ್ತದೆ. ಎಲ್ಲರಿಗೂ ಒಂದೇ ಭಾರ ಸಲ್ಲದು ಎಂಬ ತಿಳಿವಳಿಕೆ ಆಗಲೇ ಇತ್ತೆನ್ನಬೇಕು.

ಆದರೆ ಕಲ್ಲಿಗೆ ಒಂದು ತೊಡಕಿದೆ. ಅದರ ತೂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲನ್ನೇ ನೋಡಿ: ಎತ್ತಿದರೆ ಎತ್ತಿದ, ಇಲ್ಲವಾದರೆ ಇಲ್ಲ. ನಡುವೆ ಮೆಟ್ಟಿಲುಗಳಿಲ್ಲ. ಸ್ಪರ್ಧೆಗೆ ಅದು ಸರಿ, ಕಲಿಕೆಗೆ ಕಷ್ಟ. ಹಾಗಾಗಿಯೇ ಗರಡಿಯಲ್ಲಿ ಏರುತ್ತಿದ್ದುದು ತೂಕಕ್ಕಿಂತ ಎಣಿಕೆ. ಈ ತಿಂಗಳು ಐವತ್ತು ಬಸ್ಕಿ ಹೊಡೆದವನು ಮುಂದಿನ ತಿಂಗಳು ನೂರು ಹೊಡೆಯುತ್ತಿದ್ದ.

ಮೆಟ್ಟಿಲು ಮಾಡಿಕೊಟ್ಟದ್ದು ಪಶ್ಚಿಮದ ವ್ಯಾಪಾರ. ದಿನವೂ ಕರುವನ್ನು ಹೊತ್ತು, ಅದು ಬೆಳೆದಂತೆ ತಾನೂ ಬಲಿತ ಗ್ರೀಕ್ ಮಲ್ಲ ಮೈಲೋನ ಕಥೆ ಹಳೆಯದು. 1902ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಲನ್ ಕ್ಯಾಲ್ವರ್ಟ್ ಅದೇ ಹೆಸರಿನ ಕಂಪನಿ ತೆರೆದು, ಭಾರ ಹೆಚ್ಚು ಕಡಿಮೆ ಮಾಡಬಹುದಾದ ಬಾರ್‌ಬೆಲ್ ಮಾರಿದ. ಇತ್ತ ಯೂಜಿನ್ ಸ್ಯಾಂಡೋ ಹಗುರ ಡಂಬೆಲ್‌ಗಳ ಪ್ರಚಾರಕ. 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟವನು. ಅವನ ಡಂಬೆಲ್ ಮರೆತುಹೋಯಿತು, ತೋಳಿಲ್ಲದ ಬನಿಯನ್ನಿಗೆ ಮಾತ್ರ ಅವನ ಹೆಸರು ನಮ್ಮಲ್ಲಿ ಉಳಿದುಕೊಂಡಿತು!

ಗರಡಿ ಮತ್ತು ಬಾರ್‌ಬೆಲ್, ಈ ಎರಡು ದಾರಿಗಳು ಬೆಂಗಳೂರಿನಲ್ಲಿ ಕೂಡಿದ್ದು ಕೆ.ವಿ. ಅಯ್ಯರ್ ಅವರಲ್ಲಿ. ಕನ್ನಡ ಓದುಗರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ, ಕೈಲಾಸಂ ಅವರ ಒಡನಾಡಿ. ದೇಶದ ಅಂಗಸಾಧಕರಿಗೆ ಅವರು ‘ಮಸಲ್ ಕಲ್ಟ್’ (1930) ಪುಸ್ತಕ ಬರೆದ ವ್ಯಾಯಾಮಾಚಾರ್ಯ. ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆ ಹೆಸರುವಾಸಿ. ಅಷ್ಟಕ್ಕೇ ನಿಲ್ಲದೆ ಅವರು ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದರು.

ಇಲ್ಲೇ ಸ್ವಾರಸ್ಯವಿರುವುದು. ಎದುರಿಗೆ ನಿಂತ ಹುಡುಗನ ಭುಜ ಮುಟ್ಟಿ ನೋಡುವ ವಸ್ತಾದರ ಕೈಯನ್ನು ಲಕೋಟೆಯೊಳಗೆ ಇಟ್ಟು ಕಳಿಸಲಾಗುವುದಿಲ್ಲ. ಕಾಣದ ಊರಿನ, ಕಾಣದ ಶಿಷ್ಯ ಎಷ್ಟು ಭಾರದಿಂದ ಶುರು ಮಾಡಬೇಕು ಎಂಬುದು ಆಗ ಕಾಗದದ ಮೇಲೆ ಬರೆದು ತಿಳಿಸಬೇಕಾದ ಸಂಗತಿಯಾಯಿತು. ಅಯ್ಯರ್ ಭಾರವನ್ನಷ್ಟೇ ನೆಚ್ಚಿದವರಲ್ಲ. ಅವರ ಪದ್ಧತಿಯಲ್ಲಿ ಕಬ್ಬಿಣದ ಜೊತೆಗೆ ಯೋಗಾಸನವಿತ್ತು. 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆಯೇ ಪುಸ್ತಕ ತಂದರು. ಸೂರ್ಯನಮಸ್ಕಾರದಲ್ಲಿ ಭಾರ ಆರಿಸುವ ಗೋಜಿಲ್ಲ. ಗರಡಿಯ ದಂಡದಂತೆ ಅಲ್ಲೂ ಅವರವರ ಮೈಯೇ ಅವರವರ ಭಾರ.

ಕಾಗದದ ಮೇಲೆ ನಿಲ್ಲುವಂಥ ಲೆಕ್ಕ ಬಂದದ್ದು ಎರಡನೇ ಮಹಾಯುದ್ಧದ ಕೊನೆಗೆ, ಅದೂ ಆಸ್ಪತ್ರೆಯಿಂದ. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಗಾಯಾಳು ಸೈನಿಕರ ಸೊರಗಿದ ಕಾಲುಗಳಿಗೆ ಭಾರ ಎತ್ತಿಸಿ ಬಲ ತುಂಬಿ, 1945ರಲ್ಲಿ ಆ ಬಗ್ಗೆ ಬರೆದರು. ರೋಗಿ ಸತತವಾಗಿ ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯದು ಆಗದು ಎನ್ನುವ ಭಾರವೇ ಅವರ ಅಳತೆಗೋಲು. 1948ರ ಹೊತ್ತಿಗೆ ಇದನ್ನು ಮೂರು ಸುತ್ತಿಗೆ ಇಳಿಸಿದರು. ಆ ಭಾರ ಹತ್ತು ಕಿಲೋ ಎನ್ನಿ. ಮೊದಲ ಹತ್ತು ಸಲ ಐದು ಕಿಲೋ, ನಂತರ ಏಳೂವರೆ, ಕೊನೆಗೆ ಪೂರ್ತಿ ಹತ್ತು. ಬಸವೇಶ್ವರನಗರದ ತರಬೇತುದಾರ ‘ಮೂರು ಸೆಟ್, ಹತ್ತು ರೆಪ್’ ಎಂದಾಗ ಹೇಳುತ್ತಿರುವುದು ಈ ವೈದ್ಯರ ಲೆಕ್ಕವನ್ನೇ, ಹೆಸರು ಗೊತ್ತಿಲ್ಲದಿರಬಹುದು.

ಅಮೆರಿಕದ ಕ್ರೀಡಾವೈದ್ಯ ಸಂಸ್ಥೆ 2009ರಲ್ಲಿ ಕೊಟ್ಟ ಸಲಹೆಯೂ ಇದರಿಂದ ದೂರವಿಲ್ಲ. ಹೊಸಬರಿಗೆ ಎಂಟರಿಂದ ಹನ್ನೆರಡು ಸಲ ಎತ್ತಲಾಗುವ ಭಾರ. ಗುರಿಗಿಂತ ಒಂದೆರಡು ಸಲ ಹೆಚ್ಚು ಸಲೀಸಾಗಿ ಎತ್ತುವಂತಾದಾಗ ಶೇ 2ರಿಂದ 10ರಷ್ಟು ಏರಿಕೆ. ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಏರುತ್ತದೆ, ನಿಜ. ಆದರೆ ಆಗ ಕಲಿಯುತ್ತಿರುವುದು ಹೆಚ್ಚಾಗಿ ನರಗಳು. ಸ್ನಾಯು ದಪ್ಪವಾಗುವುದು ನಿಧಾನ, ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗುವುದು ಇನ್ನೂ ನಿಧಾನ. ‘ಹೋದ ವಾರಕ್ಕಿಂತ ಹಗುರ ಅನ್ನಿಸ್ತು’ ಎಂದು ಒಮ್ಮೆಲೇ ದೊಡ್ಡ ಪ್ಲೇಟು ತೂರಿಸುವವರ ಭುಜ ಕೈಕೊಡುವುದು ಇದರಿಂದಲೇ.

ಶೇಕಡಾ ಲೆಕ್ಕ ಜಿಮ್‌ನ ಸಾಮಾನಿಗೆ ಹೊಂದುವುದೂ ಇಲ್ಲ. ಐದು ಕಿಲೋ ಡಂಬೆಲ್ ಇಟ್ಟು ಮುಂದಿನ ಏಳೂವರೆ ಹಿಡಿದರೆ ಏರಿಕೆ ಶೇ 50. ಇಪ್ಪತ್ತು ಕಿಲೋ ಬರಿಯ ಬಾರ್‌ಗೆ ಎರಡೂ ಬದಿ ಒಂದೂಕಾಲು ಕಿಲೋದ ಸಣ್ಣ ಪ್ಲೇಟು ಸೇರಿಸಿದರೂ ಶೇ 12.5. ಹೀಗಾಗಿ ತಿಳಿದ ತರಬೇತುದಾರರು ಹೊಸಬನ ಕೈಯಲ್ಲಿ ಐದು ಕಿಲೋವನ್ನೇ ಉಳಿಸಿ, ಎಂಟು ಸಲವನ್ನು ಹತ್ತಕ್ಕೆ, ಹತ್ತನ್ನು ಹನ್ನೆರಡಕ್ಕೆ ಏರಿಸುತ್ತಾರೆ. ಹನ್ನೆರಡು ಸಲೀಸಾದ ಮೇಲೆ ಏಳೂವರೆ, ಮತ್ತೆ ಎಂಟರಿಂದ ಎಣಿಕೆ.