ಕಾಗದ ಇಲ್ಲದ ಮರಿ

ಮೊನ್ನೆ ಸಂಜಿಮುಂದ ಕಟ್ಟಿಮ್ಯಾಲೆ ಕೂತಾಗ ಬಾಜೂ ಮನಿ ವೈನಿ ಕೇಳಿದ್ರು, "ನಿಮ್ಮ ನಾಯಿ ಯಾವ ಜಾತಿದ್ರೀ?" ಬೀದಿದು ಅನ್ನಲಿಕ್ಕೆ ನನಗ ಯಾಕೋ ನಾಚಿಕಿ ಬಂತು. ಅದಕ್ಕ ಇವತ್ತು ಈ ಕಥಿ.

ರಷ್ಯಾದಾಗ 'ರಷ್ಯನ್ ಟಾಯ್' ಅಂತ ಒಂದು ಪುಟ್ಟ ನಾಯಿ ತಳಿ ಅದ. ಎತ್ತರ 20ರಿಂದ 28 ಸೆಂಟಿಮೀಟರ್, ತೂಕ ಹೆಚ್ಚಂದ್ರ 3 ಕಿಲೋ. ಇದರ ಮೂಲ ಇಂಗ್ಲಿಷ್ ಟಾಯ್ ಟೆರಿಯರ್. 20ನೇ ಶತಮಾನದ ಸುರುವಿಗೆ ರಷ್ಯಾದ ಮಂದಿಗೆ ಅದು ಭಾಳ ಸೇರ್ತಿತ್ತು. ಆದ್ರ 1920ರಿಂದ 1950ರ ತನಕ ಕಡಿಮಿ ಆಗ್ತಾ ಆಗ್ತಾ ತಳಿನೇ ಅಳಿಯೋ ಹಂತಕ್ಕ ಬಂತು. 1950ರ ದಶಕದ ನಡುವ ಮತ್ತ ಬೆಳಸಲಿಕ್ಕೆ ಹೊಂಟಾಗ ಸಿಕ್ಕ ನಾಯಿಗಳಿಗೆ ಹೆಚ್ಚುಕಡಿಮಿ ಯಾವಕ್ಕೂ ವಂಶಾವಳಿ ಕಾಗದ ಇರಲಿಲ್ಲ. ಎಷ್ಟೋ ನಾಯಿ ಬೆರಕಿನೂ ಇದ್ವು. ಆದ್ರೂ ಅವನ್ನ ಇಟ್ಟುಕೊಂಡೇ ಕೆಲಸ ನಡೀತು.

1958ರ ಅಕ್ಟೋಬರ್ 12ಕ್ಕ ಸಣ್ಣ ಕೂದಲಿನ ಜೋಡಿಗೆ ಒಂದು ಗಂಡು ಮರಿ ಹುಟ್ಟಿತು. ಅದರ ಕಿವಿಗೆ, ಕಾಲಿಗೆ ಜಾಲರಿ ಹಂಗ ಉದ್ದ ಕೂದಲು! ತಂದಿ-ತಾಯಿಯೊಳಗ ಒಂದಕ್ಕ ಕಾಗದ ಇರಲಿಲ್ಲ. ಇದು ಐಬು ಅಂತ ಬದಿಗೆ ಸರಿಸಬಹುದಿತ್ತು. ಹಂಗ ಮಾಡಲಿಲ್ಲ. ಚೂರು ಉದ್ದ ಕೂದಲಿನ ಹೆಣ್ಣಿನ ಜೋಡಿ ಕೂಡಿಸಿ ಆ ಚೆಲುವು ಉಳಿಸಿದರು. ಈ ಕೆಲಸದಾಗ ಮಾಸ್ಕೋದ ಯೆವ್ಗೇನಿಯಾ ಝರೋವಾ ಅನ್ನೋ ಹೆಣ್ಣಮಗಳ ಪಾಲು ದೊಡ್ಡದು. ಉದ್ದ ಕೂದಲಿನ ಬಗಿ ಹುಟ್ಟಿದ್ದು ಹಿಂಗ. 2006ರಾಗ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಈ ತಳಿಗೆ ತಾತ್ಕಾಲಿಕ ಮಾನ್ಯತೆ ಕೊಟ್ಟಿತು, 2017ರಾಗ ಪೂರ್ಣ.

ಈಗ ಅದೇ ತಳಿಯ ಮರಿ ತರೋವಾಗ ಮಂದಿ ಮೊದಲ ಕಾಗದ ಕೇಳ್ತಾರ!

ನಾಳೆ ವೈನಿ ಮತ್ತ ಕೇಳಿದ್ರ ನಾ ತಲಿ ತಗ್ಗಸಂಗಿಲ್ಲ. "ಬೀದಿದ್ರೀ ವೈನಿ, ಈಗ ನಮ್ಮದು" ಅಂತೀನಿ.