ಗುಂಪು ಆಯ್ಕೆ (ವಿದ್ಯಾರ್ಥಿ ದಾಖಲೆಗಳ)
ವಿಶ್ವವಿದ್ಯಾಲಯದ ತಂತ್ರಾಂಶದಲ್ಲಿ ಒಂದೇ ಕೆಲಸವನ್ನು ಹಲವು ವಿದ್ಯಾರ್ಥಿಗಳಿಗೆ ಒಟ್ಟಿಗೆ ಮಾಡಿ ಮುಗಿಸಲು, ಬೇಕಾದ ದಾಖಲೆಗಳನ್ನಷ್ಟೇ ಹೆಕ್ಕಿ ತೆಗೆಯುವ ಕ್ರಮ. ಉಡುಪಿ ಜಿಲ್ಲೆಯ ಹಂಗಾರಕಟ್ಟೆ ಆಸುಪಾಸಿನ ಪದವಿ ಕಾಲೇಜುಗಳು ಬಹುತೇಕ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಅವುಗಳ ಪ್ರವೇಶ, ಪರೀಕ್ಷೆಯ ಕೆಲಸ 2021-22ರಿಂದ ರಾಜ್ಯ ಸರ್ಕಾರದ ಯುಯುಸಿಎಂಎಸ್ (ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ) ವ್ಯವಸ್ಥೆಗೆ ಬಂತು. ಇಂಥ ತಂತ್ರಾಂಶದಲ್ಲಿ ಕಾಲೇಜು, ಕೋರ್ಸು, ಸೆಮಿಸ್ಟರ್, ಶುಲ್ಕ ಪಾವತಿ ಎಂಬ ಷರತ್ತುಗಳನ್ನು ಒಂದರ ಮೇಲೊಂದು ಹಾಕಿದರೆ ಪಟ್ಟಿ ಸೋಸಿ ಬರುತ್ತದೆ. ಅಷ್ಟೂ ಜನರ ಹಾಲ್ ಟಿಕೆಟ್ ಒಮ್ಮೆಗೇ ತಯಾರು. ತೊಡಕೆಲ್ಲ ರಿಪೀಟರುಗಳದು. ಮೂರನೆಯ ಸೆಮಿಸ್ಟರಿನಲ್ಲಿದ್ದು ಮೊದಲನೆಯದರ ಒಂದು ಪೇಪರು ಬಾಕಿ ಇರುವ ಹುಡುಗ ‘ಈಗಿನ ಸೆಮಿಸ್ಟರ್ 1’ ಎಂಬ ಷರತ್ತಿಗೆ ಸಿಕ್ಕುವುದೇ ಇಲ್ಲ. ಇನ್ನು, ಸೋಸಿದ ಪಟ್ಟಿಯನ್ನು ಹೆಸರುಗಳಾಗಿ ಉಳಿಸಿಟ್ಟರೆ ನಾಳೆ ಶುಲ್ಕ ಕಟ್ಟುವವರು ಹೊರಗುಳಿಯುತ್ತಾರೆ. ಷರತ್ತಾಗಿ ಉಳಿಸಿಟ್ಟರೆ ತಾವಾಗಿ ಸೇರಿಕೊಳ್ಳುತ್ತಾರೆ. ಫಲಿತಾಂಶ ಪ್ರಕಟಣೆಗೆ ಮಾತ್ರ ಸ್ಥಿರ ಪಟ್ಟಿಯೇ ಲೇಸು.