‘ನಡೆಸು’ ಎಂಬ ಮಾತು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯ ಕ್ರೈಸ್ತ ಮನೆಗಳಲ್ಲಿ ಮಗಳ ಮದುವೆಯ ಪ್ರಸ್ತಾಪ ಬಂದಾಗ, ಮಗನಿಗೆ ದೂರದೂರಿನಿಂದ ಕೆಲಸದ ಪತ್ರ ಬಂದಾಗ, ಅಥವಾ ಮಳೆ ಕೈಕೊಟ್ಟು ತೋಟದ ತೆಂಗು ಒಣಗತೊಡಗಿದಾಗ, ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ ಹಿರಿಯರ ಬಾಯಿಂದ ಒಂದೇ ಮಾತು ಹೊರಡುವುದನ್ನು ನಾನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇನೆ: “ತಂದೆಯೇ, ನೀನೇ ನಡೆಸಪ್ಪಾ.” ದೈವಚಿತ್ತ, ದೇವಸಂಕಲ್ಪ, ಮಾರ್ಗದರ್ಶನ ಎಂಬ ಗಂಭೀರ ಶಬ್ದಗಳು ಭಾನುವಾರದ ಪ್ರಸಂಗದಲ್ಲಿ ಅಯ್ಯನವರ ಬಾಯಲ್ಲಿ ಶೋಭಿಸುತ್ತವೆ, ನಿಜ. ಆದರೆ ಮೊಣಕಾಲೂರಿ ಕಣ್ಣುಮುಚ್ಚಿದವನ ನಾಲಗೆಗೆ ತಾನಾಗಿ ಒದಗುವುದು ಈ ಅಚ್ಚಗನ್ನಡದ ಕ್ರಿಯಾಪದವೇ.

‘ನಡೆ’ ಎಂಬ ಧಾತುವಿಗೆ ಪ್ರೇರಣಾರ್ಥದ ‘ಇಸು’ ಸೇರಿ ‘ನಡೆಯಿಸು’ ಎಂದಾಗಿ, ಬಳಕೆಯಲ್ಲಿ ಸವೆದು ‘ನಡೆಸು’ ಎಂದೂ, ನಮ್ಮ ಹಳೆಯ ಸತ್ಯವೇದದ ಪುಟಗಳಲ್ಲಿ ‘ನಡಿಸು’ ಎಂದೂ ನಿಂತ ಈ ಪದದ ಸಂಸಾರ ಬಹು ದೊಡ್ಡದು. ಸಂಸಾರ ನಡೆಸುತ್ತೇವೆ, ಅಂಗಡಿ ನಡೆಸುತ್ತೇವೆ, ಶಾಲೆ ನಡೆಸುತ್ತೇವೆ. ಕೊಟ್ಟ ಮಾತನ್ನು ನಡೆಸಿಕೊಡುತ್ತೇವೆ. ಮನೆಗೆ ಬಂದ ಸೊಸೆಯನ್ನು ಚೆನ್ನಾಗಿ ನಡೆಸಿಕೊಳ್ಳುತ್ತೇವೆ, ಅಥವಾ ನಡೆಸಿಕೊಳ್ಳುವುದಿಲ್ಲ. ಮೂಲಧಾತುವಿನಿಂದ ನಡತೆ, ನಡವಳಿಕೆ, ಸಭೆಯ ನಡಾವಳಿ ಇವೆಲ್ಲ ಹುಟ್ಟಿದವು. ಕಾಲಿನ ಚಲನೆಗೂ ಬಾಳಿನ ಶೀಲಕ್ಕೂ ಒಂದೇ ಹೆಸರನ್ನಿಟ್ಟು, ನಡೆ ಮತ್ತು ನುಡಿ ಒಂದಾಗಬೇಕೆಂದು ವಚನಕಾರರು ಹಟ ಹಿಡಿದದ್ದು ಈ ನುಡಿಯ ಭಾಗ್ಯವೆಂದೇ ನಾನು ಭಾವಿಸುತ್ತೇನೆ. 1894ರಲ್ಲಿ ಮಂಗಳೂರಿನಿಂದ ತನ್ನ ಮಹಾನಿಘಂಟನ್ನು ಹೊರತಂದ ಕಿಟ್ಟೆಲನು ಧರ್ಮಪ್ರಚಾರಕ್ಕೆಂದು ಬಂದು ಶಬ್ದಗಳ ಸೇವೆಯಲ್ಲಿ ಆಯುಷ್ಯವನ್ನು ಸವೆಸಿದವನು. ಇಂಥ ಧಾತುಗಳ ವಿಸ್ತಾರದ ಮುಂದೆ ಅವನು ಎಷ್ಟು ಹೊತ್ತು ತಂಗಿದ್ದಾನೆಂಬುದು ಆ ಪುಟಗಳನ್ನು ತಿರುವಿದವರಿಗೆ ಗೊತ್ತು.

ಆದರೆ ಈ ಪದದ ಮರ್ಮ ನನಗೆ ತಿಳಿದದ್ದು ನಿಘಂಟಿನಿಂದಲ್ಲ, ಅಜ್ಜಂಪುರದ ದನಗಳಿಂದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದು, ಫಿರಂಗಿಗಳನ್ನೆಳೆದು ಕೀರ್ತಿಗಳಿಸಿದ ಆ ನೀಳಗೊಂಬಿನ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿದೆ. ಬೇಸಗೆಗೊಂದು, ಮಳೆಗಾಲಕ್ಕೊಂದು ಎಂದು ಹಿಂಡನ್ನು ಕಾವಲಿನಿಂದ ಕಾವಲಿಗೆ ಸಾಗಿಸುವುದು ಅಮೃತಮಹಲಿನ ಹಳೆಯ ಪದ್ಧತಿ. ಆ ಸೀಮೆಯವರ ಮಾತಿಗೆ ಕಿವಿಗೊಡಿ. ದನಗಳನ್ನು ಅವರು ‘ನಡೆಸಿಕೊಂಡು’ ಬರುವುದಿಲ್ಲ, ‘ಹೊಡೆದುಕೊಂಡು’ ಬರುತ್ತಾರೆ. ತುಂಟ ಹೋರಿಯನ್ನು ‘ಅಟ್ಟುತ್ತಾರೆ’. ಕಾಲು ಮುರಿದ ಕರುವನ್ನು ‘ಹೊತ್ತು ತರುತ್ತಾರೆ’. ‘ನಡೆಸಿಕೊಂಡು ಬಾ’ ಎಂಬುದು, ಎಡವುತ್ತ ಹೆಜ್ಜೆಯಿಡುವ ಮಗುವಿಗೂ ಕಣ್ಣು ಮಂಜಾದ ಅಜ್ಜನಿಗೂ ಮೀಸಲಾದ ಮಾತು. ಹೊಡೆಯುವಲ್ಲಿ ಹಿಂದಿನಿಂದ ಬಲವಿದೆ, ಹೊರುವಲ್ಲಿ ಹೆಗಲ ಮೇಲೆ ಭಾರವಿದೆ; ನಡೆಸುವಲ್ಲಿ ಮಾತ್ರ ನಡೆಯುವವನ ಕಾಲು ಅವನದೇ ಆಗಿರುತ್ತದೆ, ಹಿಡಿದ ಬೆರಳು ಇನ್ನೊಬ್ಬರದಾಗಿರುತ್ತದೆ. ಮಗುವನ್ನು ಸೊಂಟಕ್ಕೇರಿಸಿಕೊಂಡ ತಾಯಿ ಅದನ್ನು ಕೆರೆಯ ಏರಿ ದಾಟಿಸಬಲ್ಲಳು, ಆದರೆ ನಡೆಸಿದಳೆಂದು ಯಾವ ಕನ್ನಡಿಗನೂ ಹೇಳಲಾರ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಬಳ್ಳಾರಿಯಲ್ಲಿ ಕುಳಿತು ದೀರ್ಘಕಾಲ ಶ್ರಮಿಸಿದ ಫಲವಾಗಿ 1831ರ ಹೊತ್ತಿಗೆ ಸತ್ಯವೇದವು ಸಂಪೂರ್ಣವಾಗಿ ಕನ್ನಡಕ್ಕೆ ಬಂದಿತು. ಆಮೇಲೆ ಬಾಸೆಲ್ ಮಿಷನ್ನಿನವರೂ ಇತರರೂ ಅದನ್ನು ಮತ್ತೆ ಮತ್ತೆ ತಿದ್ದಿದರು. ಇಂದು ನಮ್ಮ ಕೈಯಲ್ಲಿರುವ ಪುಸ್ತಕದ 23ನೆಯ ಕೀರ್ತನೆಯಲ್ಲಿ ಕುರುಬನಾದ ದೇವರು ಮಾಡುವ ಕೆಲಸಕ್ಕೆ ‘ನಡಿಸು’ ಎಂಬ ಪದವೇ ನೆಲೆನಿಂತಿದೆ. ಅಟ್ಟುವ ಅಥವಾ ಹೊಡೆಯುವ ಮಾತು ಅಲ್ಲಿ ನಿಂತಿದ್ದರೆ ನಮ್ಮ ಸಭೆಗಳ ಭಕ್ತಿಯ ಸ್ವರೂಪವೇ ಬೇರೆಯಾಗುತ್ತಿತ್ತು. ಕಡೂರಿನ ಬಯಲಲ್ಲಿ ಕಂಬಳಿ ಹೊದ್ದು, ಹಿಂಡಿನ ಮುಂದೆ ನಿಂತು ಕೂಗಿ ಕರೆಯುವ ಕುರುಬನನ್ನು ಕಂಡವರಿಗೆ ಆ ಕೀರ್ತನೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಮನುಷ್ಯನಿಗಾದರೋ ಬೆರಳು ಹಿಡಿದು ನಡೆಯುವುದಕ್ಕಿಂತ ಮುಂದಿನ ದಾರಿಯನ್ನು ಒಮ್ಮೆಗೇ ನೋಡಿಬಿಡುವ ಆತುರ ಹೆಚ್ಚು. ಈ ನಾಡಿನ ಗುಡಿಗಳಲ್ಲಿ ಭಕ್ತರು ಹೂ ಕೇಳುತ್ತಾರೆ. ಬಲಗಡೆ ಹೂ ಬಿದ್ದರೆ ಅಪ್ಪಣೆಯಾಯಿತೆಂದು ನೆಮ್ಮದಿಯಿಂದ ಹೊರಡುತ್ತಾರೆ. ನಮ್ಮವರಲ್ಲಿ ಹಲವರು ಕಣ್ಣುಮುಚ್ಚಿ ಸತ್ಯವೇದವನ್ನು ತೆರೆದು ಬೆರಳಿಟ್ಟ ವಾಕ್ಯವನ್ನೇ ಉತ್ತರವೆಂದು ಹಿಡಿಯುವುದುಂಟು. ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ವಾಗ್ದಾನದ ಚೀಟಿಯನ್ನೆತ್ತಿ ವರ್ಷವಿಡೀ ಪರ್ಸಿನಲ್ಲಿ ಕಾಪಾಡುವುದೂ ಉಂಟು. ಯಾರ ಸಂಪ್ರದಾಯದಿಂದ ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ ಹುಟ್ಟಿ, 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಲೀನವಾಯಿತೋ ಆ ಜಾನ್ ವೆಸ್ಲಿಯೇ 1737ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿದ್ದಾಗ, ತಾನು ಮೆಚ್ಚಿದ ಕನ್ಯೆಯನ್ನು ವರಿಸಬೇಕೇ ಬೇಡವೇ ಎಂದು ಚೀಟಿಯೆತ್ತಿಸಿ, ಆ ಯೋಚನೆಯನ್ನೇ ಬಿಡು ಎಂಬ ಚೀಟಿ ಬಂದದ್ದನ್ನು ತಲೆಬಾಗಿ ಒಪ್ಪಿಕೊಂಡನು. ಈ ಕಾತರವನ್ನು ನಾನು ಹಳಿಯಲಾರೆ. ಕವಲುದಾರಿಯಲ್ಲಿ ನಿಂತವನ ಸಂಕಟ ಎಲ್ಲ ಮತಗಳಲ್ಲೂ ಒಂದೇ. ಆದರೂ ಚೀಟಿ ಒಂದು ದಿನದ ಪ್ರಶ್ನೆಗೆ ಉತ್ತರವಾಗಬಹುದೇ ಹೊರತು, ಅದನ್ನು ‘ನಡೆಸುವುದು’ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ತಪ್ಪು ಇದಕ್ಕಿಂತಲೂ ಭಾರವಾದದ್ದು: ನಮ್ಮ ಸೋಮಾರಿತನದಿಂದ ಕೆಟ್ಟ ಕೆಲಸಕ್ಕೆ ‘ದೇವರ ಚಿತ್ತ’ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು. ನಡೆಯದೆ ಕುಳಿತವನನ್ನು ಯಾರು ತಾನೆ ನಡೆಸಿಯಾರು?

ನನ್ನ ದೊಡ್ಡಮ್ಮ ತರೀಕೆರೆಯಲ್ಲಿ ಒಂದು ಸಣ್ಣ ದಿನಸಿ ಅಂಗಡಿಯನ್ನು ನಡೆಸುತ್ತಿದ್ದರು. ದೊಡ್ಡಪ್ಪ ತೀರಿಕೊಂಡ ವರ್ಷ, ಅಂಗಡಿಯನ್ನು ಮಾರಿ ಮಗನಿದ್ದ ಬೆಂಗಳೂರಿಗೆ ಹೋಗುವುದೋ, ಇಲ್ಲಿಯೇ ಉಳಿದು ಸಾಲ ತೀರಿಸುವುದೋ ಎಂಬ ಪ್ರಶ್ನೆ ಎದುರಾಗಿ, ಸುಮಾರು ಮೂರು ತಿಂಗಳು ಅವರು ಪ್ರತಿರಾತ್ರಿ ಪ್ರಾರ್ಥಿಸಿದರು. ರಜೆಗೆಂದು ಹೋಗಿದ್ದ ನಾನು ಒಂದು ಬೆಳಗ್ಗೆ, ಹುಡುಗುಬುದ್ಧಿಯಿಂದ, “ದೊಡ್ಡಮ್ಮ, ದೇವರು ಉತ್ತರ ಕೊಟ್ಟನಾ?” ಎಂದು ಕೇಳಿದೆ. ಅವರು ಬೀಗದ ಕೈಯನ್ನು ಸೆರಗಿನ ತುದಿಯಿಂದ ಬಿಚ್ಚುತ್ತ, “ಅಂಗಡಿ ಬಾಗಿಲು ತೆಗಿ ಅಂದಿದಾನೆ ಕಣೋ. ತೂಕ ಸರಿಯಾಗಿ ಹಾಕು ಅಂದಿದಾನೆ. ನಾಳೇದು ನಾಳೆ ಹೇಳ್ತಾನೆ” ಎಂದರು. ಆಮೇಲೆ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸಿ, ತಕ್ಕಡಿಯ ತಟ್ಟೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಳ್ಳು ನಡುವಿಗೆ ಬರುವವರೆಗೂ ಕಾದು ನಿಂತು, ಬಂದ ಮೊದಲ ಗಿರಾಕಿಗೆ ಅರ್ಧ ಸೇರು ಬೆಲ್ಲ ತೂಗಿದರು. ಬೆಂಗಳೂರಿಗೆ ಹೋಗಬೇಕೆಂದಾಗಲಿ ಹೋಗಬಾರದೆಂದಾಗಲಿ ಅವರು ಯಾವ ದಿನವೂ ತೀರ್ಮಾನಿಸಿದಂತೆ ನನಗೆ ನೆನಪಿಲ್ಲ; ಹಾಗೆ ಬಾಗಿಲು ತೆಗೆದ ದಿನಗಳೇ ಒಟ್ಟುಗೂಡಿ ಅವರ ತೀರ್ಮಾನವಾದವು.

ಅವರ ಲೆಕ್ಕದ ಪುಸ್ತಕಗಳು ಈಗ ನನ್ನ ಬಳಿ ಇವೆ. ಬೇರೆ ವರ್ತಕರು ‘ಶ್ರೀ’ ಎಂದೋ ‘ಲಾಭ’ ಎಂದೋ ಬರೆಯುವೆಡೆಯಲ್ಲಿ, ಪ್ರತಿ ತಿಂಗಳ ಮೊದಲ ಪುಟದ ನೆತ್ತಿಯಲ್ಲಿ, ಅವರು ಪೆನ್ಸಿಲಿನಿಂದ ‘ನಡೆಸು’ ಎಂದಷ್ಟೇ ಬರೆದಿದ್ದಾರೆ. ಅದರ ಕೆಳಗೆ ಅಕ್ಕಿ, ಬೇಳೆ, ಸೀಮೆಎಣ್ಣೆಗಳ ಲೆಕ್ಕ. ಕೊನೆಯ ಪುಸ್ತಕದ ಕೊನೆಯ ಪುಟದಲ್ಲಿ ಊರವರಿಂದ ಬರಬೇಕಾದ ಬಾಕಿ ಬಹಳವಿದೆ, ಅವರು ಕೊಡಬೇಕಾದ ಬಾಕಿ ಒಂದೂ ಇಲ್ಲ.